ಐದು ಕಿಲೋ ಸಕ್ಕರಿ

ಐತವಾರ. ಪ್ಲಾಂಟ್ ಬಂದ್.
ತಾರಿಹಾಳದ ಬಿಸಿಲಾಗ ಏಳು ಗಾಡಿ ಸಾಲಾಗಿ ನಿಂತಾವ.
ನಾನು ನಾಲ್ಕನೇದರ ಹೊಟ್ಟ್ಯಾಗ ಕುಂತೀನಿ,
ಉಳಿ, ಸುತ್ತಗಿ, ಮೂಗಿಗೆ ಒದ್ದಿ ಅರಬಿ.
ಮ್ಯಾಲ ಕಾಣೂದು
ಪರಾತದಷ್ಟು ಆಕಾಶ.

ಹೊರಗ ದಾವಲಸಾಬ ಹಳೇ ಟೈರಿನ ಮ್ಯಾಲ ಕುಂತಾನ.
ಚಾವಿ ಅವನ ಹತ್ರ ಇಲ್ಲ, ನನ್ನ ಕಿಸ್ಯಾಗೈತಿ.
‘ಒಳಗ ಹೋಗಾಂವನ ಹತ್ರನ ಇರಬೇಕು ಚಾವಿ’
ಅಂತ ಮೊದಲನೇ ದಿನಾನ ಹೇಳಿದ್ದ.
ಯಾಕಂತ ಹೇಳಲಿಲ್ಲ.
ಅವನ ಎಡಗೈಯಾಗ ಎರಡು ಬೆರಳಿಲ್ಲ.
ನಾನೂ ಕೇಳಲಿಲ್ಲ.

ಒಂದು ಕಡೆ ತಿರುಗಿದರ ಕಲಸತೈತಿ ಈ ಡ್ರಮ್ಮು,
ಇನ್ನೊಂದು ಕಡೆ ತಿರುಗಿದರ ಕಾರತೈತಿ,
ನಿಂತರ ಕಲ್ಲು.

ಠಣ್. ಠಣ್.
ಬ್ಲೇಡಿನ ಸಂದ್ಯಾಗ ಪದರು ಪದರಾಗಿ ಊರು ಕುಂತೈತಿ:
ಇದು ನವನಗರದ ಸ್ಲ್ಯಾಬು,
ಇದು ಅಮರಗೋಳದ ಗೋದಾಮಿನ ನೆಲಾ,
ಇದು ಕುಸುಗಲ್ ರೋಡಿನ ಕಲ್ಯಾಣ ಮಂಟಪ,
ಅಲ್ಲೆ ಒಂದು ತುತ್ತೂ ಉಂಡಿಲ್ಲ ನಾವು.
ಮತ್ತ ಇದು,
ಉಳಿ ಇಟ್ಟರ ಸಾಕು ಪುಡಿಪುಡಿ ಉದುರೂದು,
ಇದು ಆ ದಿನದ್ದು.

ಗಬ್ಬೂರ ಬೈಪಾಸಿನ್ಯಾಗ ಪಂಪು ಎಣ್ಣಿ ಉಗುಳಿ
ಡ್ರಮ್ಮು ನಿಂತ ಬಿಟ್ಟಿತ್ತು.
ಒಳಗ ಆರು ಕ್ಯೂಬಿಕ್ ಮಾಲು, ಹೊರಗ ಬ್ಯಾಸಗಿ, ಮಧ್ಯಾಹ್ನ ಎರಡು.
ಸೂಪರ್‌ವೈಜರ್ ಫೋನಿನ್ಯಾಗ ಬೈಯಾಕ ಹತ್ತಿದ್ದ.
ದಾವಲಸಾಬ ಆ ಬೈಗಳಾ ನನ್ನ ಕೈಗೆ ಕೊಟ್ಟು
ರಸ್ತೆ ದಾಟಿದ, ಶಾವಂತ್ರವ್ವನ ಚಾದಂಗಡಿಗೆ.
‘ಸಕ್ಕರಿ ಎಷ್ಟೈತಿ?’
‘ಐದು ಕಿಲೋ ಇದ್ದೀತು. ಎಷ್ಟು ಮಂದಿಗೋ ಚಾ?’
‘ಒಬ್ಬಾಕಿಗೆ.’

ಬಕೀಟಿನ್ಯಾಗ ಕರಗಿಸಿ, ಏಣಿ ಹತ್ತಿ, ಸುರುವಿದ್ವಿ.
ಸಕ್ಕರಿ ಕುಡಿದ ಸಿಮೆಂಟು
ಗಟ್ಟಿ ಆಗೂದು ಮರೀತೈತಂತ.
ಏಳನೇ ಗಾಡಿ ಬಂದು ಪೈಪು ಜೋಡಿಸೂ ಮಟಾ
ಅವಾ ಡ್ರಮ್ಮಿಗೆ ಕಿವಿ ಹಚ್ಚಿ ನಿಂತಿದ್ದ,
ಬಾಣಂತಿ ಖೋಲಿ ಬಾಗಲದಾಗ ನಿಂತಂಗ.
ಒಂದು ಸುತ್ತು. ತಡದು, ಇನ್ನೊಂದು.
ಹಳೇ ಖಣಿಯೊಳಗ ಎಲ್ಲಾ ಕಾರಿಸಿದ್ವಿ.

ಡ್ರಮ್ಮು ಉಳೀತು.
ಮಾಲಿನ ರೊಕ್ಕ ಪಗಾರದಾಗ ಮುರಕೊಂಡರು.
ಶಾವಂತ್ರವ್ವಗ ಸಕ್ಕರಿ ರೊಕ್ಕ ಇನ್ನೂ ಕೊಡೂದೈತಿ.

ಮೂರು ವಾರಾತು.
ಆ ಪದರಿನ ಮ್ಯಾಲ ಈಗ ಇರುವಿ ಸಾಲು,
ಆಕಾಶದ ಪರಾತದಿಂದ ಇಳದು ಬಂದಾವ,
ಹೆಂಗ ಗೊತ್ತಾತೋ.
ಅಲ್ಲೊಂದೀಟು ಬಿಟ್ಟು ಆಜೂಬಾಜೂ ಕಡೀತೀನಿ.

ಹೊರಗಿಂದ ಮೂರು ಬೆರಳು ತಗಡಿಗೆ ಬಡೀತಾವ:
ಅದೀಯೇನೋ?
ಕಿಸೆ ಮುಟ್ಟಿ ನೋಡಿಕೊಂಡು
ನಾನೂ ಬಡೀತೀನಿ.