ಇನ್ನೊಮ್ಮೆ ಹೇಳಿ

ಮೊದಲು ಬಂದವರು ಐದು ಜನ.
ತಾರವಾದಲ್ಲಿ ವಿಮಾನ ಇಳಿಯುವಾಗಲೇ
ಮುಖದ ಮೇಲೆ ಸೂತಕ ಹೊತ್ತಿದ್ದರು.
ನಾನು ದುಭಾಷಿ: ದಿನಕ್ಕೆ ಅರವತ್ತು ಡಾಲರು,
ಮಧ್ಯಾಹ್ನ ಡಬ್ಬಿ ಮಾಂಸ, ಅನ್ನ.

ನೇ ಬ್ವೆರೇಯಾಳನ್ನು ಅವಳ ಬಬಾಯಿ ಗುಂಡಿಯ ಅಂಚಿಗೆ ನಿಲ್ಲಿಸಿದರು.
ಬಬಾಯಿ ಎಂದರೆ ಕೆಸುವಿನ ಹಿರಿಯಣ್ಣ;
ಅದಿಲ್ಲದ ಮದುವೆಯನ್ನು ನಮ್ಮೂರು ಇಪ್ಪತ್ತು ವರ್ಷ ಆಡಿಕೊಳ್ಳುತ್ತದೆ.
ಎಲೆ ಹಳದಿ. ನೀರು ಉಪ್ಪು, ಎಂದಳು.
‘ಕಣ್ಣೀರಿನ ಹಾಗೆ?’ ನಿರ್ದೇಶಕ ಆಸೆಯಿಂದ ಕೇಳಿದ.
‘ಅಲ್ಲ, ಎರಡು ಸಲ ಉಪ್ಪು ಬಿದ್ದ ಮೀನುಸಾರಿನ ಹಾಗೆ.’
ಇನ್ನೊಮ್ಮೆ ಹೇಳಿ. ಮೋಡ ಬಂತು, ಇನ್ನೊಮ್ಮೆ.

ಏಳನೆಯ ಸಲ ಸೊಂಟಕ್ಕೆ ಕೈಕೊಟ್ಟು
ಒಂದೇ ಉಸಿರಲ್ಲಿ ಅಂದಳು:
‘ಕಡಲು ಏರಿದೆ, ನಾನು ಹುಡುಗಿಯಾಗಿದ್ದಾಗ ಆ ಕಲ್ಲಿನಾಚೆ ಇತ್ತು,
ಒಡ್ಡು ಹಾಕಿ ರಸ್ತೆ ಮಾಡಿದ ಮೇಲೆ ಮರಳೂ ದಾರಿ ತಪ್ಪಿತು,
ಉಳಿದದ್ದನ್ನು ಚೀಲಕ್ಕೆ ತುಂಬಿ ಮಾರಿದವನು
ನನ್ನ ಮೈದುನ, ಟೆನ್ ಕೈಟೀರ.’

ಅವರು ಕಡಲನ್ನು ಒಯ್ದರು.

ಮೂರು ವರ್ಷದ ಮೇಲೆ ಬಂದವರು ಇಬ್ಬರೇ,
ನಗುಮುಖದವರು, ಎಲ್ಲದಕ್ಕೂ ಹುಬ್ಬೇರಿಸುವವರು,
ಮೊದಲ ಚಿತ್ರದ ಸುಳ್ಳು ಹಿಡಿಯಲು ಬಂದವರು.
ಅದೇ ಗುಂಡಿ, ಅದೇ ಮಾತು, ಅದೇ ಉಸಿರು.
ಅಂಚು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದಿತ್ತು.
ಅವರು ಒಡ್ಡನ್ನು ಒಯ್ದರು.

ಕೈಟೀರನನ್ನು ಯಾರೂ ಒಯ್ಯಲಿಲ್ಲ.
ಅದಕ್ಕೆ ಅವರನ್ನು ದೂರಲಾರೆ.
ಎರಡು ಸಲವೂ ಮಾತು ಅಲ್ಲಿಗೆ ಮುಟ್ಟಿದಾಗ
ನನಗೆ ಕೆಮ್ಮು ಬಂತು.
ಅವನು ನನ್ನ ಅಪ್ಪ.
ಆ ಚೀಲಗಳ ದುಡ್ಡಲ್ಲೇ ನಾನು ಫಿಜಿಯಲ್ಲಿ ಇಂಗ್ಲಿಷ್ ಕಲಿತದ್ದು.

ಮೊನ್ನೆ ಮನೇಬದಲ್ಲಿ, ಗೋಡೆಯಿಲ್ಲದ ನಮ್ಮ ಊರಚಾವಡಿಯಲ್ಲಿ,
ಬಿಳಿ ದುಪ್ಪಟಿ ಕಟ್ಟಿ
ಎರಡನ್ನೂ ಒಂದರ ಹಿಂದೊಂದು ತೋರಿಸಿದರು.
ಕೆಳಗಿನ ಇಂಗ್ಲಿಷ್ ಅಕ್ಷರ ತನಗೆ ಬೇಕಾದಷ್ಟು ಹೇಳಿ ನಿಂತುಬಿಟ್ಟಿತು.
ಆದರೆ ನಮ್ಮ ಮಾತು ಎಲ್ಲಿ ಮುರಿಯುತ್ತದೆಂದು
ಕತ್ತರಿ ಹಿಡಿದ ಎರಡು ತಂಡಕ್ಕೂ ತಿಳಿದಿರಲಿಲ್ಲ:
ದೊಡ್ಡಮ್ಮನ ದನಿ ಕೊನೆಯವರೆಗೂ ಓಡಿತು,
ಎರಡು ಸಲ, ಹೆಸರು ಹಿಡಿದು.

ತಲೆಗಳು ತಿರುಗಿದವು. ಮೊದಲು ಅಪ್ಪನ ಕಡೆ,
ಆಮೇಲೆ ನನ್ನ ಕಡೆ.
ಅಪ್ಪ ಚಾಪೆಯ ಎಳೆ ಕೀಳುತ್ತ
‘ನಾನೂರು ಚೀಲ’ ಎಂದ, ಯಾರೂ ಕೇಳದಿದ್ದರೂ.
‘ಆರುನೂರು’ ಎಂದಳು ದೊಡ್ಡಮ್ಮ.

ಅಷ್ಟರಲ್ಲಿ ಹುಣ್ಣಿಮೆಯ ಉಬ್ಬರ ಕಂಬದ ಬುಡಕ್ಕೆ ಬಂತು.
ಎಲ್ಲರೂ ಚಪ್ಪಲಿ ಕೈಗೆತ್ತಿಕೊಂಡರು.