ಐದನೇ ಡಿಸ್ಕು

ಬ್ರೆಡ್ಡಿನ ಚೀಲದಲ್ಲಿ ತಂದಿದ್ದರು ಬೊಗುಮಿವಾ
ನೀಲಿ ಜಿಪ್ ಡ್ರೈವು, ಐದು ಡಿಸ್ಕು;
ಹಿಂದೆ ಕೈಗಾಡಿಯಲ್ಲಿ, ಶಾಲು ಹೊದ್ದ ಹಳೇ ಮ್ಯಾಕು.
ವೂಚ್ ಊರಲ್ಲಿ ಅವರ ಮಗ್ಗ ನಿಂತು ಇಪ್ಪತ್ತೈದು ವರ್ಷ,
ಗಿರಣಿಯ ಕೆಂಪಿಟ್ಟಿಗೆಯೊಳಗೆ ಈಗ ಕಾಫಿ ಮಾರುತ್ತಾರೆ.
"ಜಾಲರಿ ಪರದೆಯ ನಕ್ಷೆಗಳಪ್ಪಾ, ನಾನೇ ಬರೆದದ್ದು.
ಈ ಪೆಟ್ಟಿಗೆಗೆ ಆ ಪೆಟ್ಟಿಗೆಯ ಗುರುತೇ ಹತ್ತುತ್ತಿಲ್ಲ.
ಬೈದೂ ನೋಡಿದೆ."

ಮೊದಲು ಸುಲಭದ್ದನ್ನು ಅನುಮಾನಿಸು,
ಕಿಂಗಾಳಿಗೆ ನಾನು ಹೇಳಿಕೊಟ್ಟ ಮೊದಲ ಪಾಠ.
ಅಡಾಪ್ಟರು ಇದರದ್ದೇನಾ, ಯಾವುದೋ ರೇಡಿಯೋದ್ದಾ?
ಕೇಬಲ್ಲಿನ ಇಪ್ಪತ್ತೈದು ಪಿನ್ನಲ್ಲಿ ಯಾವುದಾದರೂ ಸೊಟ್ಟಗಾಗಿದೆಯಾ?
ಒಂದೇ ನಂಬರಿಗೆ ಇಬ್ಬರು ಓಗೊಡುತ್ತಿದ್ದಾರಾ?
ಇಲ್ಲ. ಹಸಿರು ದೀಪವೂ ಉರಿಯುತ್ತಿದೆ.
ಕೇಳಿದ್ದಕ್ಕೆ ಮಾತ್ರ ಮಾತಿಲ್ಲ.

"ಇದರ ಬೆನ್ನಿಗೆ ಇನ್ನೇನಾದರೂ ಇತ್ತಾ?"
"ಸ್ಕ್ಯಾನರ್ ಇತ್ತು. ಹೋದ ಚಳಿಗಾಲ ಮಾರಿದೆ, ಕಲ್ಲಿದ್ದಲಿಗೆ."

ಸಿಕ್ಕಿತು.
ಸರಪಣಿಯ ತುದಿಗೆ ಕೂತವರು ಹೇಳಬೇಕು, ಇಲ್ಲಿಗೆ ಮುಗಿಯಿತು ಅಂತ.
ಹೇಳದಿದ್ದರೆ ಹೋದ ಮಾತು ತುದಿಗೆ ಬಡಿದು ತಿರುಗಿ ಬರುತ್ತದೆ,
ಎದುರು ಬರುವ ಮಾತಿಗೆ ಡಿಕ್ಕಿ ಹೊಡೆಯುತ್ತದೆ,
ಬಾವಿಗೆ ಬಗ್ಗಿ ಇಬ್ಬರು ಒಟ್ಟಿಗೆ ಕೂಗಿದ ಹಾಗೆ.
ಅದನ್ನು ಹೇಳುತ್ತಿದ್ದದ್ದು ಸ್ಕ್ಯಾನರು. ಅದು ಒಲೆಯಲ್ಲಿ ಉರಿದು ಬೂದಿಯಾಗಿದೆ.

ಡ್ರೈವಿನ ಬೆನ್ನಲ್ಲಿ ಅಕ್ಕಿಕಾಳಿನಷ್ಟು ಒಂದು ಗುಂಡಿ.
ಎಲ್ಲ ಆರಿಸಿ, ಉಗುರಲ್ಲಿ ಸರಿಸಿ, ಮತ್ತೆ ಹಚ್ಚಿದೆ.
ಗುರುತು ಹತ್ತಿತು.

ಆದರೂ ತೂರಿಸುವ ಮುಂಚೆ ಒಂದೊಂದರ ಬಾಗಿಲು ಸರಿಸಿ
ಟಾರ್ಚು ಬಿಟ್ಟು ಅಂಚು ನೋಡುತ್ತೇನೆ, ನನಗದು ಚಟ.
ಅಂಚು ಹರಿದ ಡಿಸ್ಕು ಡ್ರೈವಿನ ತಲೆ ಕೀಳುತ್ತದೆ,
ತಲೆ ಕಿತ್ತ ಡ್ರೈವು ಮುಂದಿನ ಡಿಸ್ಕಿನ ಅಂಚು ಹರಿಯುತ್ತದೆ,
ಟಿಕ್, ಟಿಕ್,
ಶಾಲೆಯಲ್ಲಿ ಕಜ್ಜಿ ಹಬ್ಬಿದ ಹಾಗೆ.
ತೊಂಬತ್ತೆಂಟರಲ್ಲಿ ಒಂದೇ ಮಧ್ಯಾಹ್ನ ಮೂರು ಡ್ರೈವು ಕೊಂದಿದ್ದೇನೆ
ಇದರಲ್ಲಾದರೂ ಓದೀತು, ಇದರಲ್ಲಾದರೂ ಎಂದು.

ನಾಲ್ಕು ಓದಿದವು.
ಜರೀಗಿಡ, ದ್ರಾಕ್ಷಿಗೊಂಚಲು, ಹಿಮದ ಹರಳು,
ನಾಲ್ಕನೆಯದು ಏನೆಂದು ಅವರಿಗೂ ನೆನಪಿಲ್ಲ.
ಬೆರಳುದ್ದದ ಪೆನ್‌ಡ್ರೈವಿಗೆ ಇಳಿಸಿ ಕೈಗಿಟ್ಟೆ.
ಅಂಗೈಯಲ್ಲಿ ತೂಗಿ, "ಇಷ್ಟೇನಾ?" ಅಂದರು.

ಐದನೆಯದರ ಅಂಚಲ್ಲಿ ಇಲಿ ಕಡಿದಂಥ ಗುರುತು.
"ಇದು ಬೇಡ," ಅಂದೆ.
"ಗಿರಣಿಗೆ ಬೀಗ ಬಿದ್ದ ವಾರ ಮುಗಿಸಿದ್ದು. ನೇಯಲೇ ಇಲ್ಲ."
"ಡ್ರೈವು ಸಾಯುತ್ತದೆ."
"ಡ್ರೈವು ನನ್ನದು ತಾನೆ? ನಾಲ್ಕೂ ಇಳಿಯಿತು ತಾನೆ?
ಇನ್ನು ಯಾರಿಗೆ ಅಂತ ಕಾಪಾಡೋದು?"
ಕಿಂಗಾ ನನ್ನ ಮುಖ ನೋಡಿದಳು.
ಇಪ್ಪತ್ತಾರು ವರ್ಷದ ನನ್ನ ನೇಮಕ್ಕೆ ಉತ್ತರ ಇರಲಿಲ್ಲ.

ತಾವೇ ತೂರಿಸಿದರು, ಹೆಬ್ಬೆರಳಿಂದ,
ಲಾಳಿಗೆ ನೂಲಿನ ಕಂಡಿಕೆ ಕೂರಿಸುವವರ ಹಾಗೆ.
ತಿರುಗಿತು. ಮೂವರೂ ಉಸಿರು ಹಿಡಿದೆವು.
ಪರದೆಯ ಮೇಲೆ ಒಂದು ಹೆಸರು ಮೂಡಿತು, ಹೆಸರು ಮಾತ್ರ.
ಆಮೇಲೆ ಟಿಕ್. ಟಿಕ್. ಟಿಕ್.

ಕಿವಿಗೊಟ್ಟು ಕೇಳಿದರು ಬೊಗುಮಿವಾ,
ಬೆರಳು ಮೇಜಿನ ಮೇಲೆ ಎಣಿಸುತ್ತಿತ್ತು, ಹಾಸು, ಹೊಕ್ಕು, ಹಾಸು.
"ಮಗ್ಗವೂ ಥೇಟ್ ಹೀಗೇ ಬಡಿದುಕೊಳ್ಳುತ್ತಿತ್ತು," ಅಂದರು.
"ಅದು ಬಟ್ಟೆಯನ್ನಾದರೂ ಕೊಡುತ್ತಿತ್ತು."

ಬಗ್ಗಿ, ಪ್ಲಗ್ಗು ಕಿತ್ತರು.