ಬೂದು ಮರಿ

ಭರಮಪ್ಪ ತಳವಾರನ ಉತ್ತರ ಮೂರೂವರೆ ಪುಟ.
ಪ್ರಶ್ನೆ ಇದ್ದದ್ದು ಒಂದೇ ಸಾಲು:
ಬೇರ್ಪಡುವಿಕೆಯ ನಿಯಮವನ್ನು ಸಂಕರಣದೊಡನೆ ವಿವರಿಸಿ. ಐದು ಅಂಕ.

ಅವನು ಶುರು ಮಾಡಿದ್ದು ಕಾಕಾನ ಅಂಗಳದಿಂದ.
ತಾಯಿ ಕರಿ, ತಂದೆ ಕರಿ, ಮರಿ ಆರು.
ಐದು ಇದ್ದಲಿನಂಥವು,
ಆರನೆಯದು ಒಲೆ ಆರಿದ ಮೇಲಿನ ಬೂದಿ.
ಓಣಿಯವರು ಆ ಹೆಣ್ಣುನಾಯಿಯ ನಡತೆಯ ಬಗ್ಗೆ
ಕಟ್ಟೆಯ ಮೇಲೆ ಕೂತು ಆಡಿಕೊಂಡರಂತೆ.
ಕಾಕಾ ಬೀಡಿ ಹಚ್ಚಿ,
‘ಇದರ ಮುತ್ತಜ್ಜಿ ಬೂದು ಇದ್ಲು.
ಇಷ್ಟು ದಿನಾ ಅಡಗಿ ಕುಂತಿತ್ತು’ ಅಂದನಂತೆ.

ಅಡಗಿ ಕುಂತಿತ್ತು.
ಇಪ್ಪತ್ತೆರಡು ವರ್ಷ ನಾನು ಬೋರ್ಡಿನ ಮೇಲೆ
ರಿಸೆಸಿವ್ ಎಂದೇ ಬರೆದಿದ್ದೇನೆ, ಸೀಮೆಸುಣ್ಣ ಸವೆಸಿದ್ದೇನೆ.
ಆದರೆ ಮಾದರಿ ಉತ್ತರದ ಹಾಳೆಯಲ್ಲಿ
ನಿಯಮಕ್ಕೆ ಒಂದು, ಲಿಂಗಾಣುಗಳಿಗೆ ಒಂದು,
ಚೌಕಕ್ಕೆ ಎರಡು, ಅನುಪಾತಕ್ಕೆ ಒಂದು.
ಕಾಕಾನಿಗೆ ಮನೆಯೇ ಇಲ್ಲ.
ಅರ್ಧ ಕೊಟ್ಟೆ. ಹೊಡೆದು ಹಾಕಿದೆ. ಮತ್ತೆ ಕೊಟ್ಟೆ.

ಮರುದಿನ ಸಂಜೆ ಲ್ಯಾಬಿನಲ್ಲಿ
ಫಾರ್ಮಲಿನ್ ನಾರುವ ಕಪಾಟಿನ ಪಕ್ಕ ಕೂರಿಸಿಕೊಂಡೆ.
ಹೊರಗೆ ಮುಧೋಳದ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್,
ಪ್ರತಿಯೊಂದಕ್ಕೂ ಬೇರೆ ಬೇರೆ ಹಾಡು.
ಕಿಟಕಿ ಮುಚ್ಚಿ ಹೇಳಿದೆ:
‘ಮೊದಲ ಕ್ರಿಯಾಪದದ ಕೆಳಗ ಗೀಟು ಹೊಡಿ.
ಹೆಸರಿಸು ಅಂದ್ರ ಹೆಸರಷ್ಟ, ಅದರ ಊರು ಕೇರಿ ಬ್ಯಾಡ.
ವ್ಯತ್ಯಾಸ ಅಂದ್ರ ಒಂದರ ಎದುರಿಗೆ ಒಂದು ನಿಂದರಸು,
ಕುಸ್ತಿಗೆ ಜೋಡಿ ಕಟ್ಟಿದ್ಹಂಗ.
ಎರಡು ಅಂಕಕ್ಕ ಎರಡ ಮಾತು, ಮೂರನೇದು ದಾನ.
ಚಿತ್ರ ಪೆನ್ಸಿಲ್‌ದಾಗ. ಗುರುತಿನ ಗೆರಿ ಒಂದನ್ನೊಂದು ದಾಟಬಾರದು.
ಗೊತ್ತಿದ್ದದ್ದೆಲ್ಲಾ ಬರಿಯೂದು ಅಲ್ಲೋ, ಕೇಳಿದ್ದು ಬರಿಯೂದು.’

ಅವನು ಬಹಳ ಹೊತ್ತು ಹಲ್ಲಿಯ ಅಸ್ಥಿಪಂಜರ ನೋಡಿದ.
‘ನಮ್ಮ ನಾಯಿ ವಾಸನಿ ಹಿಡದು ಹೋಗೂದಿಲ್ರಿ ಮೇಡಂ.
ಕಣ್ಣಿಗೆ ಬಿದ್ದ ಮೊಲ ಬಿಟ್ಟು ಆ ಕಡೆ ಈ ಕಡೆ ನೋಡೂದಿಲ್ಲ.
ನಾ ವಾಸನಿ ಹಿಡದು ಅಡ್ಡಾಡಾಕತ್ತಿದ್ನಿ ಅನ್ರಿ.’

ಹೌದು ಅಂದೆ.
ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ದಿನಕ್ಕೊಂದು ಹಳೆಯ ಪತ್ರಿಕೆ,
ಐದು ನಿಮಿಷ ಹಿಂದೆ ಬಿದ್ದ ಗೋಡೆ ಗಡಿಯಾರ.
‘ನಮ್ಮ ಕಾ’ ಎಂದು ಬರೆದು ತಾನೇ ಕಾಟು ಹಾಕುತ್ತಿದ್ದ.
ಮೊದಲ ವಾರ ಹನ್ನೊಂದು ಕಾಟು,
ಎರಡನೆಯ ವಾರ ನಾಲ್ಕು.
ಜನವರಿ ಮುಗಿಯುವಾಗ ಒಂದೂ ಇಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು.
ಬಟಾಣಿ. ಎತ್ತರ, ಗಿಡ್ಡ. ಸ್ಕೇಲಿಟ್ಟು ಎಳೆದ ಚೌಕ.
ಮೂರಕ್ಕೆ ಒಂದು, ಅದರ ಕೆಳಗೆ ಎರಡು ಗೀಟು.
ಏಳು ನಿಮಿಷದ ಉತ್ತರ, ಒಂದೇ ಪುಟ.
ಬಟಾಣಿಯ ಗಿಡವನ್ನು ಕಣ್ಣಾರೆ ಕಂಡವನಲ್ಲ ಅವನು,
ನಮ್ಮ ಕಡೆ ಅದು ಪೇಟೆಯಲ್ಲಿ ಕಾಯಿಯಾಗಿಯೇ ಸಿಗುತ್ತದೆ.
ಐದಕ್ಕೆ ಐದು. ಕೆಂಪು ಶಾಯಿಯಲ್ಲಿ, ಕೈ ನಡುಗದೆ ಹಾಕಿದೆ.

ಗೇಟಿನ ಹತ್ತಿರ ಸೈಕಲ್ಲಿನ ಚೈನು ಹಾಕುತ್ತಿದ್ದ.
‘ಭರಮಪ್ಪ, ಆ ಬೂದು ಮರಿ ಈಗ ಓಡತೈತೇನೋ?’

ಎಣ್ಣೆಯ ಕೈ ಹಾಗೇ ಹಿಡಿದು
ಒಂದು ಗಳಿಗೆ ನನ್ನ ಪ್ರಶ್ನೆಯನ್ನು ಅಳೆದ.

‘ಇದು ಎಷ್ಟು ಮಾರ್ಕಿಂದ್ರಿ, ಮೇಡಂ?’